ಭುಜ ವಾಸಿಯಾದ ಸುದ್ದಿ

ಮಾರ್ಚ್ ೪

ಪ್ರೀತಿಯ ಪುಟ್ಟಿಗೆ ನಿನ್ನ ಭಾವನ ಆಶೀರ್ವಾದಗಳು.

ನಿನ್ನ ಮನೆಯವರ, ನಮ್ಮ ಮೇಷ್ಟ್ರ, ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತುತ್ತಾರೋ, ಇಲ್ಲಾ ಕೆಳಗೆ ನಿಂತೇ ಕೂಗಿ ಕೂಗಿ ಮನೆಮಂದಿಯನ್ನೆಲ್ಲ ಇಳಿಸಿಕೊಳ್ಳುತ್ತಾರೋ? ಚಿನ್ನುವಿನ ಕೆಮ್ಮು ನಿಂತಿತೇ? ಗುಂಡನ ಕಿವಿ ಸೋರುತ್ತದೆ ಎಂದು ಬರೆದಿದ್ದೀಯ. ಅದಕ್ಕೆ ಎಣ್ಣೆಗಿಣ್ಣೆ ಬಿಡಬೇಡಿ, ಡಾಕ್ಟರಿಗೆ ತೋರಿಸಿ. ನಿನ್ನ ಅತ್ತೆಯವರಿಗೆ ನಮಸ್ಕಾರ ಹೇಳು. ಕಿವಿ ಕೇಳಿಸದಿದ್ದರೂ ಹೇಳು. ತುಟಿ ನೋಡಿ ಎಲ್ಲ ತಿಳಿದುಕೊಂಡು ಕೇಳಿಸಲೇ ಇಲ್ಲ ಎಂದು ನಟಿಸುವವರು ಅವರು.

ನಿನ್ನ ಎರಡು ಕಾಗದಗಳೂ ಬಂದವು. ಎರಡಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಸೋಮಾರಿತನವಲ್ಲ, ಬಲಭುಜದ ನೋವು. ಫೋನಿನಲ್ಲಿ ಹೇಳಬಹುದಿತ್ತಲ್ಲ ಭಾವ ಎನ್ನುತ್ತೀ. ಫೋನು ನಿನ್ನ ಅಕ್ಕನದು. ಅವಳು ಮಾತು ಮುಗಿಸಿ ನನ್ನ ಕೈಗೆ ಕೊಡುವಷ್ಟರಲ್ಲಿ ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ. ಅದೂ ಅಲ್ಲದೆ, ಏಣಿಯ ಕೆಳಗೆ ಹಾಸಿದ ಹಳೇ ಪೇಪರುಗಳಲ್ಲಿ ಬಣ್ಣ ತೊಟ್ಟಿಕ್ಕದ ಜಾಗ ಹುಡುಕಿ ಹುಡುಕಿ ಓದು ಕಲಿತವನು ನಾನು. ಅಷ್ಟು ಕಷ್ಟಪಟ್ಟು ಸಂಪಾದಿಸಿದ ಅಕ್ಷರವನ್ನು ನಿನಗೆ ಖರ್ಚು ಮಾಡದೆ ಇನ್ಯಾರಿಗೆ ಮಾಡಲಿ?

ಭುಜದ ಕಥೆ ಕೇಳು. ಜೀವಮಾನವೆಲ್ಲ ಕತ್ತು ಮೇಲೆತ್ತಿ, ಕೈ ಮೇಲೆತ್ತಿ ಸೀಲಿಂಗಿಗೆ ಬಣ್ಣ ಹೊಡೆದ ಭುಜ ಇದು. ಕೆಲಸ ಬಿಟ್ಟ ಮೇಲಾದರೂ ಅದಕ್ಕೆ ಬಿಡುವು ಸಿಗಬೇಕಿತ್ತು. ಅಷ್ಟರಲ್ಲಿ ನಿನ್ನ ಅಕ್ಕನಿಗೆ ಎಡಭಾಗ ಬಿದ್ದುಹೋಯಿತು. ಅಂದಿನಿಂದ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿಂದ ಮತ್ತೆ ಹಾಸಿಗೆಗೆ ಮಹಾರಾಣಿಯ ಸವಾರಿ ಎಲ್ಲ ಈ ಭುಜದ ಮೇಲೇ. ನೀನು ಬಂದಾಗ ನೋಡಿದ್ದೀಯಲ್ಲ. ನಾನು ಬಗ್ಗುತ್ತೇನೆ, ಅವಳು ಚೆನ್ನಾಗಿರುವ ಕೈಯನ್ನು ನನ್ನ ಕುತ್ತಿಗೆಗೆ ಹಾಕಿ ಗದ್ದವನ್ನು ನನ್ನ ಹೆಗಲಿಗೆ ಒರಗಿಸುತ್ತಾಳೆ, ನಾನು ಕಂಕುಳ ಕೆಳಗೆ ಕೈ ತೂರಿಸಿ ಎಬ್ಬಿಸುತ್ತೇನೆ. ಆಫೀಸಿನ ಲಿಫ್ಟ್ ನಡೆಸಿದವಳಲ್ಲವೇ, ಪ್ರತಿ ಸಲವೂ "ಮೇಲಕ್ಕೆ ಹೋಗೋರು ಒಳಗೆ ಬನ್ನಿ" ಎನ್ನುತ್ತಾಳೆ. ಇಳಿಸಿದ ಕೂಡಲೇ, "ಇಳಿಯೋರಿಗೆ ಮೊದಲು ದಾರಿ ಬಿಡಿ."

ಈ ಚಳಿಗಾಲದಲ್ಲಿ ಭುಜ ಹಟ ಹಿಡಿಯಿತು. ಕೈ ಸೊಂಟದವರೆಗೆ ಏಳುತ್ತದೆ, ತಲೆಯ ಮೇಲಕ್ಕೆ ಹೋದ ಮೇಲೂ ತೊಂದರೆಯಿಲ್ಲ, ನಡುವೆ ಒಂದು ಜಾಗದಲ್ಲಿ ಮಾತ್ರ ಯಾರೋ ಒಳಗೆ ಕೂತು ಮೊಳೆ ಹೊಡೆದ ಹಾಗೆ. ನಾನು ಯಾರಿಗೂ ಹೇಳಲಿಲ್ಲ. ಆದರೆ ವಾರಕ್ಕೊಮ್ಮೆ ಆಸ್ಪತ್ರೆಯಿಂದ ಅವಳನ್ನು ನೋಡಲು ಬರುವ ನರ್ಸಮ್ಮನ ಕೋಟನ್ನು ಗೂಟಕ್ಕೆ ಹಾಕಲು ಹೋಗಿ ಕೈ ಅರ್ಧದಲ್ಲೇ ನಿಂತುಬಿಟ್ಟಿತು. ಆಕೆಯ ಕಣ್ಣಿಗೆ ಬೀಳದೆ ಇರುತ್ತದೆಯೇ?

"ಏನಿದು? ಯಾವಾಗಿಂದ?"

"ಏನಿಲ್ಲ ನರ್ಸಮ್ಮ, ನಿಮ್ಮ ಕೋಟು ಭಾರ."

"ನನ್ನ ಕೋಟೇ ಭಾರ ಆದ್ರೆ ಅಮ್ಮನ್ನ ಹೇಗೆ ಎತ್ತುತ್ತೀರಿ? ಬೀಳಿಸಿದ್ರೆ? ಸ್ಕ್ಯಾನ್ ಮಾಡಿಸ್ಕೊಂಡು ಬನ್ನಿ. ಎತ್ತೋಕಾಗಲ್ಲ ಅಂತ ಆದ್ರೆ ಅಮ್ಮನ್ನ ಆರೈಕೆ ಕೇಂದ್ರಕ್ಕೆ ಸೇರಿಸಿ ಅಂತ ನಾನೇ ಬರೀಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಆ ಕೇಂದ್ರವನ್ನು ನಾವು ನೋಡಿದ್ದೇವೆ. ಇವಳ ಜೊತೆ ಕೆಲಸ ಮಾಡಿದ ಗೆಳತಿ ಅಲ್ಲಿದ್ದಾಳೆ. ಕೊಳಕೇನಿಲ್ಲ, ಸುಳ್ಳು ಹೇಳಬಾರದು, ನೆಲ ಫಳಫಳ ಹೊಳೆಯುತ್ತದೆ. ಆದರೆ ಎಲ್ಲರನ್ನೂ ಒಂದೇ ಹೊತ್ತಿಗೆ ಎಬ್ಬಿಸುತ್ತಾರೆ, ಒಂದೇ ಹೊತ್ತಿಗೆ ಮಲಗಿಸುತ್ತಾರೆ. ಸಂಜೆಯಾದರೆ ಗಂಡ, ಮಗ, ತಂಗಿ ಎಲ್ಲರೂ ಹೊರಗೆ. ಅಲ್ಲಿಂದ ಬರುವಾಗ ನಿನ್ನ ಅಕ್ಕ ಹೇಳಿದಳು, "ಯಾವ ಮಹಡೀಲಿ ನಿಲ್ಲಿಸ್ಬೇಕು ಅಂತ ಬೇರೆಯೋರು ಹೇಳಿದ್ದನ್ನ ಇಷ್ಟು ವರ್ಷ ಕೇಳಿದೀನಿ. ಇನ್ನು ಕೇಳಲ್ಲ." ಆಮೇಲೆ ಆ ದಿನವೆಲ್ಲ ನನ್ನ ಅಂಗಿಯ ತೋಳು ಬಿಡಲಿಲ್ಲ.

ಅದಕ್ಕೇ ಸ್ಕ್ಯಾನಿಂಗಿಗೆ ಹೋಗುವಾಗ ಒಂದು ನಿರ್ಧಾರ ಮಾಡಿಕೊಂಡು ಹೋದೆ. ಏನು ಮಾಡಿದರೂ ನೋವು ಎನ್ನಬಾರದು.

ಹೊಟ್ಟೆಯೊಳಗಿನ ಕೂಸನ್ನು ನೋಡುವ ಯಂತ್ರವಂತೆ ಅದು. ಹಾಗೆಂದು ನಿನ್ನ ಅಕ್ಕನಿಗೆ ಹೇಳಿದ್ದೇ ತಪ್ಪಾಯಿತು. "ನಮಗೆ ಮಕ್ಕಳಿಲ್ಲ ಅಂತ ಊರೆಲ್ಲ ಮರುಗಿತ್ತು. ಅವಳಿಜವಳಿ ಇದ್ರೆ ಎರಡನ್ನೂ ಕರ್ಕೊಂಡು ಬನ್ನಿ, ನಾನು ಸಾಕ್ತೀನಿ" ಎಂದು ಕಳಿಸಿಕೊಟ್ಟಳು.

ಕೋಣೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿದೆ. ಕಿಟಕಿಯಿಲ್ಲ, ದೀಪ ಮಂಕು. ಸೀಲಿಂಗಿಗೆ ಬಣ್ಣ ಹೊಡೆದ ಪುಣ್ಯಾತ್ಮ ಮೂಲೆಗಳಿಗೆ ಎರಡನೇ ಸಲ ಕೈಯಾಡಿಸಿಲ್ಲ. ಕತ್ತಲಲ್ಲಿ ಯಾರಿಗೆ ಕಾಣುತ್ತದೆ ಎಂದುಕೊಂಡಿರಬೇಕು. ಸ್ಕ್ಯಾನಿಂಗ್ ಹುಡುಗಿ, ಹುಡುಗಿ ಎಂದರೆ ಎರಡು ಮಕ್ಕಳ ತಾಯಿ, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ತುಂಬ ಹುಡುಕುತ್ತಿದ್ದಳು. ನಾನು ತೋರಿಸಿಕೊಟ್ಟೆ. ಅಲ್ಲಿಂದ ನಾವಿಬ್ಬರೂ ಸ್ನೇಹಿತರು.

ಅಂಗಿ ಬಿಚ್ಚಿಸಿ ತಿರುಗುವ ಸ್ಟೂಲಿನ ಮೇಲೆ ಕೂರಿಸಿದಳು. ತಣ್ಣನೆಯ ಗಂಜಿಯಂಥದ್ದನ್ನು ಭುಜಕ್ಕೆ ಸುರಿದು, ಅದರ ಮೇಲೆ ಮುಷ್ಟಿಯಷ್ಟು ದೊಡ್ಡ ಉಪಕರಣವನ್ನು ಇಸ್ತ್ರಿ ಹಾಕಿದ ಹಾಗೆ ಆಡಿಸಿದಳು. ಪ್ಯಾಂಟಿನ ಹಿಂದಿನ ಜೇಬಿಗೆ ಕೈ ಹಾಕಿಕೊಳ್ಳುವಂತೆ ಹಿಡಿಯಿರಿ ಎಂದಳು. ಹಾಗೆ ಹಿಡಿದರೆ ಒಳಗಿನದು ಮೂಳೆಯ ಮರೆಯಿಂದ ಈಚೆಗೆ ಬರುತ್ತದಂತೆ. ಪರದೆಯ ಮೇಲೆ ಬೂದಿ ಬಣ್ಣದ ಮೋಡ. ನನಗೆ ಮೊದಲು ಸುಣ್ಣ ಕಿತ್ತುಹೋದ ಗೋಡೆಯ ಹಾಗೆ ಕಂಡಿತು. ಅವಳು ಬೆರಳಿಟ್ಟು ತೋರಿಸಿದಳು.

"ನೋಡಿ ಅಜ್ಜ, ಕೆಳಗಡೆ ಗುಂಡಗೆ ಬೆಳ್ಳಗಿರೋ ಗೆರೆ ತೋಳಿನ ಮೂಳೆ. ಅದರ ಮೇಲೆ ನಾರುನಾರಾಗಿ ಹಕ್ಕಿ ಕೊಕ್ಕಿನ ಹಾಗಿದೆಯಲ್ಲ, ಅದು ಕೈ ಎತ್ತೋ ಹಗ್ಗ ಅಂತಿಟ್ಕೊಳ್ಳಿ. ಅದು ಹರಿದಿಲ್ಲ, ಒಳ್ಳೇದಾಯ್ತು. ಈ ಪಕ್ಕದ್ದು ಭುಜದ ಮೇಲಿನ ಮೂಳೆ, ಮನೆ ಸೂರಿನ ಹಾಗೆ. ಹಗ್ಗಕ್ಕೂ ಸೂರಿಗೂ ಮಧ್ಯೆ ಒಂದು ತೆಳ್ಳನೆ ಚೀಲ ಇರುತ್ತೆ, ಉಜ್ಜದೇ ಇರಲಿ ಅಂತ. ಈಗ ಕೈನ ಪಕ್ಕಕ್ಕೆ ನಿಧಾನವಾಗಿ ಎತ್ತಿ. ನೋವು ಬಂದ ಜಾಗದಲ್ಲಿ ಹೇಳಿ."

ಎತ್ತಿದೆ. ಮೊಳೆಯ ಜಾಗ ಬಂತು. ಮುಖವನ್ನು ಹೊಸ ಗೋಡೆಯ ಹಾಗೆ ಸಪಾಟು ಮಾಡಿಕೊಂಡು ಕೂತೆ.

"ನೋವಿದೆಯಾ?"

"ಇಲ್ಲಮ್ಮ."

"ಈಗ?"

"ಊಹೂಂ. ಹೂವಿನ ಹಾಗಿದೆ."

ಅವಳು ನಕ್ಕಳು. ನನ್ನ ಕಡೆ ತಿರುಗಲೇ ಇಲ್ಲ. "ಅಜ್ಜ, ನೀವು ಮುಖ ಬಿಗಿ ಹಿಡಿದಿದ್ದೆಲ್ಲ ದಂಡ. ನಾನು ಮುಖ ನೋಡ್ತಾನೇ ಇಲ್ಲ, ಪರದೆ ನೋಡ್ತಿದೀನಿ. ಇಲ್ಲಿ ನೋಡಿ, ಹಗ್ಗ ಸೂರಿನ ಕೆಳಗೆ ಜಾರಿ ಹೋಗ್ಬೇಕು. ಹೋಗ್ತಾ ಇಲ್ಲ, ಅಂಚಿನಲ್ಲಿ ಮುದುರಿಕೊಳ್ತಿದೆ. ಚೀಲ ಊದಿ ನೀರು ತುಂಬಿದೆ, ಅದು ಸಿಕ್ಕಿ ಹಿಂಡಿ ಹೋಗ್ತಿದೆ. ಇಷ್ಟು ನೋವು ಇಟ್ಕೊಂಡು ಯಾಕೆ ಇಲ್ಲ ಅಂತೀರಿ?"

ಚೆನ್ನಾಗಿರುವ ಎಡಭುಜವನ್ನೂ ಹಾಗೇ ಆಡಿಸಿ ತೋರಿಸಿದಳು. ಅದರಲ್ಲಿ ಹಗ್ಗ ಮೀನಿನ ಹಾಗೆ ಸರಕ್ಕನೆ ಒಳಗೆ ಹೋಯಿತು. ಬಲದ್ದು ಮಳೆಗಾಲದ ಬಾಗಿಲು. ಇನ್ನು ಏನು ಬಚ್ಚಿಡುವುದು? ಎಲ್ಲ ಹೇಳಿಬಿಟ್ಟೆ, ನಿನ್ನ ಅಕ್ಕ, ನರ್ಸಮ್ಮ, ಆರೈಕೆ ಕೇಂದ್ರ. ಅವಳು ಗಂಜಿ ಒರೆಸಲು ಬಟ್ಟೆ ಕೊಟ್ಟು, ತಾನೇ ಮೂಳೆ ಡಾಕ್ಟರ ಹತ್ತಿರ ಹೋಗಿ ಮಾತಾಡಿ ಬಂದಳು.

ತೀರ್ಮಾನ ಹೀಗಾಯಿತು. ಅದೇ ಪರದೆ ನೋಡಿಕೊಂಡು ಆ ಚೀಲಕ್ಕೆ ಒಂದು ಸೂಜಿ ಮದ್ದು ಹಾಕಿದ್ದಾರೆ. ಒಂದೂವರೆ ತಿಂಗಳು ಏನನ್ನೂ ಎತ್ತಬಾರದು, ಯಾರನ್ನೂ ಎತ್ತಬಾರದು. ಆಮೇಲೆ ಇನ್ನೊಂದು ಸ್ಕ್ಯಾನ್. ಹಗ್ಗ ಸಲೀಸಾಗಿ ಜಾರಿದರೆ ನರ್ಸಮ್ಮ ಏನೂ ಬರೆಯುವುದಿಲ್ಲ, ನಿನ್ನ ಅಕ್ಕ ಮನೆಯಲ್ಲೇ ಇರುತ್ತಾಳೆ. ಅಲ್ಲಿಯವರೆಗೆ ಎದುರು ಮನೆಯ ಬಡಗಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಂದು ಎತ್ತಿಕೊಡುತ್ತೇನೆ ಎಂದಿದ್ದಾನೆ. ಮರ ಎತ್ತಿ ಅಭ್ಯಾಸ, ಮಾತಾಡುವ ಸಾಮಾನು ಎತ್ತಿ ಅಭ್ಯಾಸವಿಲ್ಲ, ಬಹಳ ನಾಚಿಕೊಳ್ಳುತ್ತಾನೆ. ಮಧ್ಯಾಹ್ನದ ಒಂದು ಸಲ ಮಾತ್ರ ಹೇಗೋ ಮಾಡಬೇಕು. ಅದನ್ನು ಡಾಕ್ಟರಿಗೆ ಹೇಳಿಲ್ಲ, ನೀನೂ ಹೇಳಬೇಡ.

ಮನೆಗೆ ಬಂದು ನಿನ್ನ ಅಕ್ಕನಿಗೆ ಕಿಟಕಿಯ ಪರದೆ ಎಳೆದು, ಅದರ ಗಂಟು ಮೇಲಿನ ತಂತಿಗೆ ಸಿಕ್ಕಿಕೊಳ್ಳುವುದನ್ನು ತೋರಿಸಿ ಪಾಠ ಮಾಡಿದೆ. ಎಷ್ಟು ಪ್ರಶ್ನೆ ಕೇಳಿದಳು ಗೊತ್ತೇ! ಚೀಲದ ಊತ ಎಷ್ಟು ದಿನಕ್ಕೆ ಇಳಿಯುತ್ತದೆ, ಒಂದು ಸಲ ಎತ್ತಿದರೆ ಮತ್ತೆ ಊದುತ್ತದೆಯೇ, ಎಂದೆಲ್ಲ. ಗೊತ್ತಿದ್ದಷ್ಟು ಹೇಳಿದೆ, ಗೊತ್ತಿಲ್ಲದ್ದನ್ನೂ ಹೇಳಿದೆ.

ಎಲ್ಲರಿಗೂ ಒಳ್ಳೆಯದಾಗಲಿ.

ಇಂತು ನಿನ್ನ ಭಾವ

ಮರೆತ ಮಾತು: ಇದು ನಿನ್ನ ಅಕ್ಕ ಹೇಳಿ ಬರೆಸುತ್ತಿರುವುದು. "ಪುಟ್ಟಿ, ನಿನ್ನ ಭಾವ ಸ್ಕ್ಯಾನಿಂಗ್ ಹುಡುಗಿಯ ಕನ್ನಡಕದ ವಿಷಯ ಮೂರು ಸಲ ಹೇಳಿದಾರೆ. ನನ್ನ ಕನ್ನಡಕ ಕಳೆದು ಎರಡು ವಾರ ಆಯ್ತು, ಅದನ್ನ ಯಾರೂ ಹುಡುಕಿಲ್ಲ."


ಜೂನ್ ೧೯

ಪ್ರೀತಿಯ ಪುಟ್ಟಿಗೆ,

ಎಲ್ಲರೂ ಹೇಗಿದ್ದೀರಿ? ಮೇಷ್ಟ್ರು, ಚಿನ್ನು, ಗುಂಡ? ನಿನ್ನ ಅತ್ತೆಯವರು ಆಸ್ಪತ್ರೆಯಿಂದ ಮನೆಗೆ ಬಂದರೆಂದು ಮೇಷ್ಟ್ರು ಬಡಗಿಗೆ ಫೋನ್ ಮಾಡಿ ಹೇಳಿದರಂತೆ. ಸಮಾಧಾನವಾಯಿತು. ಅವರನ್ನು ಆ ಸ್ಥಿತಿಯಲ್ಲಿ ಬಿಟ್ಟು ನೀನು ಹೇಗೆ ಹೊರಡುತ್ತಿದ್ದೆ? ಅಕ್ಕನ ಮುಖ ನೋಡಲಾಗಲಿಲ್ಲ ಎಂದು ಪ್ರತಿ ಕಾಗದದಲ್ಲೂ ಬರೆಯುತ್ತೀ. ಹಾಗೆ ಬರೆಯಬೇಡ. ಅವಳು ನಿನ್ನನ್ನು ಬೈಯುವವಳಲ್ಲ, ನನಗಂತೂ ಆ ಹಕ್ಕಿಲ್ಲ.

ಉತ್ತರ ಬರೆಯುವುದು ಇಷ್ಟು ತಡವಾಯಿತು. ಈ ಸಲ ಭುಜದ ಮೇಲೆ ತಪ್ಪು ಹಾಕುವ ಹಾಗಿಲ್ಲ. ಫೋನು ಬಂದರೂ ಬಡಗಿಯ ಕೈಗೇ ಕೊಟ್ಟುಬಿಡುತ್ತಿದ್ದೆ. ನಿನ್ನ ದನಿ ಥೇಟ್ ಅವಳದೇ, ಅದಕ್ಕೆ.

"ಅಕ್ಕ ಚೆನ್ನಾಗಿಯೇ ಇದ್ದಳಲ್ಲ ಭಾವ, ಇದ್ದಕ್ಕಿದ್ದ ಹಾಗೆ ಏನಾಯಿತು? ಮುಚ್ಚಿಡದೆ ಬರೆಯಿರಿ" ಎಂದು ಕೇಳಿದ್ದೀಯ. ಬರೆಯುತ್ತೇನೆ. ನಡುವೆ ನಿಲ್ಲಿಸಿ ಎದ್ದುಹೋಗಿ ಮತ್ತೆ ಬಂದು ಬರೆದರೆ ಅಕ್ಷರ ಬೇರೆಯಾಗಿ ಕಾಣುತ್ತದೆ, ಗಾಬರಿಯಾಗಬೇಡ.

ಮೊದಲ ವಾರ ಮಧ್ಯಾಹ್ನ ನಾನೇ ಅವಳನ್ನು ಬಚ್ಚಲಿಗೆ ಎತ್ತಿಕೊಂಡು ಹೋದೆ. ಎರಡನೇ ವಾರದಿಂದ ಅವಳೇ ಬೇಡ ಎನ್ನತೊಡಗಿದಳು. "ನನಗೆ ಈಗ ಹೋಗ್ಬೇಕು ಅನ್ನಿಸ್ತಾನೇ ಇಲ್ಲ ರೀ. ಸಂಜೆ ಆ ನಾಚಿಕೆ ಮುದ್ದೆ ಬರ್ತಾನಲ್ಲ, ಆಗ ಆಗುತ್ತೆ." ನನಗೆ ಎಷ್ಟು ಹಿಗ್ಗಾಯಿತು ಗೊತ್ತೇ! ಮೈ ಹೇಳಿದ ಮಾತು ಕೇಳುವ ಹಾಗಾಯಿತು, ಸುಧಾರಿಸುತ್ತಿದ್ದಾಳೆ ಎಂದುಕೊಂಡೆ. ನರ್ಸಮ್ಮನ ಮುಂದೆ ಜಂಬ ಕೊಚ್ಚಿಕೊಂಡೆ. ನರ್ಸಮ್ಮ ಕಡಿಮೆಯಾ, "ನೀರು ಸರಿಯಾಗಿ ಕುಡೀತೀರಾ ಅಮ್ಮ?" ಎಂದು ವಿಚಾರಿಸಿದಳು. ನಿನ್ನ ಅಕ್ಕ ಹಾಸಿಗೆ ಪಕ್ಕದ ಖಾಲಿ ಜಗ್ಗನ್ನು ತಲೆಕೆಳಗು ಮಾಡಿ ತೋರಿಸಿದಳು. ಬೆಳಿಗ್ಗೆ ತುಂಬಿಡುವವನು ನಾನೇ, ಸಂಜೆಗೆ ಖಾಲಿಯಾಗಿರುವುದನ್ನು ನೋಡುವವನೂ ನಾನೇ. ನಾನೂ ಹೌದೌದು ಎಂದೆ.

ಆ ದಿನಗಳಲ್ಲೇ ಕೆಳಗಿನ ಮನೆಯ ದರ್ಜಿ ಅಂಗಳದಲ್ಲಿ ನಿಂತು ಅರಚಿದ. "ಮಳೆ ಇಲ್ಲ, ಮೋಡ ಇಲ್ಲ, ಹೊಲಿದು ಹೊರಗೆ ತೂಗುಹಾಕಿದ ಕೋಟಿನ ಮೇಲೆ ನೀರು ಹೇಗ್ರೀ ಬಿತ್ತು?" ನಾನು ಕಿಟಕಿಯಿಂದ ತಲೆ ಹಾಕಿ, "ನಿನ್ನ ಕಣ್ಣಿಗೆ ಪೊರೆ ಬಂದಿದೆ, ಹೋಗಿ ತೆಗೆಸ್ಕೋ" ಎಂದೆ. "ನಿಮಗೆ ತಲೆಗೇ ಪೊರೆ ಬಂದಿದೆ" ಎಂದ. ಹೀಗೇ ಸ್ವಲ್ಪ ಹೊತ್ತು ನಡೆಯಿತು. ಹಾಸಿಗೆಯಲ್ಲಿ ನಿನ್ನ ಅಕ್ಕ ಬಿದ್ದು ಬಿದ್ದು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು ಎಂದು ಬರೆಯಲು ಹೊರಟಿದ್ದೆ. ನೀರು ಬಂದಿರಲಿಲ್ಲ. ಈಗ ಜ್ಞಾಪಿಸಿಕೊಂಡರೆ ತಿಳಿಯುತ್ತದೆ, ಬರೀ ಒರೆಸಿಕೊಂಡಳು.

ಹಾಸಿಗೆ ಕಿಟಕಿಗೆ ಹತ್ತಿಕೊಂಡೇ ಇದೆ. ಚೆನ್ನಾಗಿರುವ ಕೈ ಕಿಟಕಿಯ ಕಡೆಗೇ ಇತ್ತು.

ನಾನು ಅಂಗಡಿಗೆ ಹೋದಾಗ, ಸ್ನಾನಕ್ಕೆ ಹೋದಾಗ ಸುರಿಯುತ್ತಿದ್ದಳು. ಕುಡಿದರೆ ಬಚ್ಚಲಿಗೆ ಹೋಗಬೇಕು, ಬಚ್ಚಲಿಗೆ ಹೋಗಬೇಕೆಂದರೆ ನಾನು ಎತ್ತಬೇಕು, ಎತ್ತಿದರೆ ಆ ಚೀಲ ಊದುತ್ತದೆ, ಊದಿದರೆ ಎರಡನೇ ಸ್ಕ್ಯಾನಿನಲ್ಲಿ ಹುಡುಗಿ ಅದನ್ನು ಕಂಡುಹಿಡಿದುಬಿಡುತ್ತಾಳೆ. ಅವಳಿಗೆ ಪರದೆ ಎಳೆದು ಪಾಠ ಮಾಡಿದವನು ನಾನೇ ಅಲ್ಲವೇ. ನನಗಿಂತ ಚೆನ್ನಾಗಿ ಕಲಿತಳು.

ಒಂದು ಬೆಳಿಗ್ಗೆ ಮೈ ಕೆಂಡವಾಗಿತ್ತು. ಬಡಗಿ ಬಂದು ಎತ್ತಿದರೆ ಅವನನ್ನು ನೋಡಿ, "ಏಳನೇ ಮಹಡಿಗೆ ಯಾರನ್ನೂ ಬಿಡಬೇಡ ಅಂದಿದಾರೆ" ಎಂದಳು. ನಮ್ಮ ಅಭ್ಯಾಸದ ತಮಾಷೆ ಎಂದುಕೊಂಡು ನಾನು ನಕ್ಕೆ. ಆಮೇಲೆ ನನ್ನನ್ನೂ ಅದೇ ಕಣ್ಣಿನಲ್ಲಿ ನೋಡಿ, "ನಿಮಗೆ ಯಾವ ಮಹಡಿ ಸಾರ್?" ಎಂದಳು. ಆಗ ಬಡಗಿಯನ್ನು ಗಾಡಿ ತರಲು ಓಡಿಸಿದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಳ ನಾಲಿಗೆ ನೋಡಿದರು, ಕೈಯ ಮೇಲಿನ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟರು. ಅದು ಎತ್ತಿದ ಹಾಗೇ ನಿಂತಿತ್ತು. ಮೈಯಲ್ಲಿ ನೀರಿನ ಪಸೆಯೇ ಇಲ್ಲ, ಮೂತ್ರಕ್ಕೆ ಸೋಂಕಾಗಿ ಮೂತ್ರಪಿಂಡ ಹಿಡಿದು ರಕ್ತಕ್ಕೂ ಸೇರಿದೆ ಎಂದರು. "ಎಷ್ಟು ದಿನದಿಂದ ಇವರು ನೀರು ಕುಡೀತಿಲ್ಲ?" ದಿನಾ ಒಂದು ಜಗ್ಗು ಕುಡಿಯುತ್ತಾಳೆ ಡಾಕ್ಟರಮ್ಮ ಎಂದು ನಾನು ಜಗಳಕ್ಕೇ ನಿಂತೆ. ಹೇಳುತ್ತಾ ಹೇಳುತ್ತಾ ದರ್ಜಿಯ ಕೋಟು ಕಣ್ಣಮುಂದೆ ಬಂತು. ಅಲ್ಲಿದ್ದ ಬೆಂಚಿನ ಮೇಲೆ ಕೂತೆ.

ಸೀಸೆಯಿಂದ ನೀರು ಏರಿಸಿದರು, ಮದ್ದು ಏರಿಸಿದರು. ಮಾರನೆಯ ದಿನ ಜ್ವರ ಸ್ವಲ್ಪ ಇಳಿಯಿತು, ನನ್ನ ಗುರುತು ಹಿಡಿದಳು. ಚಮಚದಲ್ಲಿ ನೀರು ಹಾಕಿದೆ, ಚಪ್ಪರಿಸಿ ಕುಡಿದಳು, ಇನ್ನೂ ಎಂದು ಬಾಯಿ ತೆರೆದಳು. ಆ ಬಾಯಿ ತೆರೆದದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ, "ಯಾಕೆ ಹೀಗೆ ಮಾಡಿದೆ?" ಎಂದು ಕೇಳಿಬಿಟ್ಟೆ.

"ಸ್ಕ್ಯಾನ್ ಯಾವತ್ತು?" ಎಂದಳು.

"ಮುಂದಿನ ವಾರ."

"ಎತ್ತಿಲ್ಲ ತಾನೇ ನನ್ನ?"

"ಇಲ್ಲ. ಬಡಗಿ ಎತ್ತಿದ, ಆಮೇಲೆ ಇಲ್ಲಿಯೋರು ಎತ್ತಿದ್ರು."

"ಹಾಗಾದ್ರೆ ಪಾಸಾಗ್ತೀರಿ ಬಿಡಿ" ಎಂದಳು. ಪರೀಕ್ಷೆಗೆ ಮಗನನ್ನು ಕಳಿಸುವ ತಾಯಿಯ ಹಾಗೆ ನನ್ನ ಅಂಗಿಯ ಕಾಲರು ಸರಿ ಮಾಡಿದಳು.

ಅದಾದ ಮೇಲೆ ಎರಡು ದಿನ. ರಕ್ತಕ್ಕೆ ಸೇರಿದ್ದು ಮದ್ದಿಗೆ ಬಗ್ಗಲಿಲ್ಲ. ಕೊನೆಗೆ ಒದ್ದಾಡಲಿಲ್ಲ ಪುಟ್ಟಿ, ಅದೊಂದು ನಿಜವಾಗಿ ಹೇಳುತ್ತೇನೆ. ಮಧ್ಯಾಹ್ನ, ಊಟದ ಗಾಡಿ ಬಂದ ಹೊತ್ತು. ನಾನು ತಟ್ಟೆ ಇಸಿದುಕೊಂಡು ತಿರುಗುವಷ್ಟರಲ್ಲಿ ಮುಗಿದಿತ್ತು. ಸುದ್ದಿ ಕೇಳಿ ದರ್ಜಿ ಬಂದು ಬಾಗಿಲಲ್ಲೇ ನಿಂತ. "ಕೋಟು ಒಣಗಿತು, ಕಲೆ ಇಲ್ಲ" ಎಂದ.

ಮುಂದಿನ ವಾರ ನಾನು ಸ್ಕ್ಯಾನಿಂಗಿಗೆ ಹೋದೆ. ಯಾಕೆ ಹೋದೆ ಎಂದು ನೀನು ಕೇಳಬಹುದು, ಬಡಗಿಯೂ ಕೇಳಿದ. ಅವಳು ಅಷ್ಟು ಕಷ್ಟಪಟ್ಟು ತಯಾರಿ ಮಾಡಿದ ಪರೀಕ್ಷೆ, ನಾನು ತಪ್ಪಿಸಿದರೆ ಹೇಗೆ?

ಅದೇ ಕೋಣೆ, ಅದೇ ಹುಡುಗಿ, ಕನ್ನಡಕ ಈ ಸಲ ಮೂಗಿನ ಮೇಲಿತ್ತು. ಗಂಜಿ ಸುರಿದು, "ಎತ್ತಿ ಅಜ್ಜ" ಎಂದಳು. ಎತ್ತಿದೆ. ಹಗ್ಗ ಸೂರಿನ ಕೆಳಗೆ ಸರಾಗವಾಗಿ ಹೋಯಿತು, ಬಂತು. ಚೀಲ ಬರೀ ಒಂದು ಕಪ್ಪು ಗೆರೆ, ಕೂದಲೆಳೆಯಷ್ಟು. ಅವಳಿಗೆ ನನಗಿಂತ ಹೆಚ್ಚು ಖುಷಿ.

"ಭೇಷ್! ಎಷ್ಟು ಚೆನ್ನಾಗಿ ಆರಾಮ ಕೊಟ್ಟಿದೀರಿ. ಎಲ್ಲರಿಗೂ ಹೇಳ್ತೀವಿ, ಒಬ್ಬರೂ ಮಾತು ಕೇಳಲ್ಲ. ನಿಮ್ಮನ್ನ ಇಲ್ಲೇ ಕೂರಿಸಿ ಬಂದವರಿಗೆಲ್ಲ ತೋರಿಸ್ಬೇಕು. ಇನ್ನು ಅಮ್ಮನ್ನ ನಿಧಾನವಾಗಿ ಎತ್ತಬಹುದು. ಹೇಗಿದಾರೆ ಅವರು?"

"ಚೆನ್ನಾಗಿದಾಳಮ್ಮ" ಎಂದೆ. ಅವಳು ಪರದೆ ನೋಡುತ್ತಿದ್ದಳು, ನನ್ನ ಮುಖ ನೋಡಲಿಲ್ಲ.

"ಸರಿ, ಸಾಕು, ಇಳಿಸಿ."

ಇಳಿಸಿ, ಮತ್ತೆ ಎತ್ತಿದೆ. ಪಕ್ಕಕ್ಕೆ ಎತ್ತಿದೆ, ಮುಂದಕ್ಕೆ ಎತ್ತಿದೆ, ಕೈ ತಿರುಚಿ ಎತ್ತಿದೆ. ಎಲ್ಲಾದರೂ ಒಂದು ಕಡೆ ಸಿಕ್ಕಿಕೊಳ್ಳಲಿ, ಒಂದಿಷ್ಟು ನೋವಾದರೆ ಸಾಕು ಎಂದು. ನೋಯಲಿಲ್ಲ ಪುಟ್ಟಿ. "ಸಾಕು ಅಜ್ಜ, ನನಗೆ ನಂಬಿಕೆ ಬಂತು" ಎಂದು ಅವಳು ನಗುತ್ತಲೇ ನನ್ನ ಕೈ ಹಿಡಿದು ಕೆಳಗಿಳಿಸಿದಳು. ಗಂಜಿ ಒರೆಸಿಕೊಂಡು, ಅಂಗಿ ಹಾಕಿಕೊಂಡು, ಗುಂಡಿ ತಪ್ಪಾಗಿ ಹಾಕಿಕೊಂಡು, ನಡೆದೇ ಮನೆಗೆ ಬಂದೆ.

ಊಟ ಮಾಡುತ್ತಿದ್ದೇನೆ. ಬಡಗಿ ಈಗಲೂ ಬೆಳಿಗ್ಗೆ ಸಂಜೆ ಬರುತ್ತಾನೆ. ಎತ್ತುವುದಕ್ಕೆ ಏನೂ ಇಲ್ಲವಲ್ಲ, ಇಬ್ಬರೂ ಚಹಾ ಕುಡಿಯುತ್ತೇವೆ. ಇಲ್ಲಿಗೆ ಬಂದುಬಿಡಿ ಭಾವ ಎಂದು ನೀನು ಕರೆದಿದ್ದೀಯ. ಬರುತ್ತೇನೆ, ಈಗಲೇ ಅಲ್ಲ. ನಿಮ್ಮ ಮುಂದಿನ ಕೋಣೆಯ ಸೀಲಿಂಗು ಸುಲಿದಿದೆ ಎಂದು ಮೇಷ್ಟ್ರು ಎಂದೋ ಹೇಳಿದ್ದರು. ಭುಜ ವಾಸಿಯಾಗಿದೆ, ಬಂದಾಗ ಹೊಡೆದುಕೊಡುತ್ತೇನೆ.

ನಿನಗೂ ಮೇಷ್ಟ್ರಿಗೂ ಮಕ್ಕಳಿಗೂ ಆಯುಸ್ಸು ಆರೋಗ್ಯ ಇರಲಿ. ಚೆನ್ನಾಗಿ ನೀರು ಕುಡಿಯಿರಿ.

ಇಂತು ನಿನ್ನ ಭಾವ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆಸ್ಪತ್ರೆಯಲ್ಲಿ ಕಾಲರು ಸರಿ ಮಾಡಿದ ಮೇಲೆ ಅವಳು ಇನ್ನೊಂದು ಮಾತು ಹೇಳಿದಳು. "ನೀವು ನನ್ನ ಎತ್ತುವಾಗ ನನ್ನ ಕಿವಿ ನಿಮ್ಮ ದವಡೆ ಹತ್ರಾನೇ ಇರುತ್ತೆ ರೀ. ಹಲ್ಲು ಕಡಿಯೋ ಸದ್ದು ನನಗೆ ಕೇಳಿಸ್ತಿತ್ತು. ದಿನಾ ಕೇಳಿಸ್ತಿತ್ತು. ಈ ತಿಂಗಳು ಕೇಳಿಸ್ಲಿಲ್ಲ, ಎಷ್ಟು ಹಾಯಾಗಿತ್ತು ಗೊತ್ತಾ?" ಎಂದಳು. ಸ್ಕ್ಯಾನಿಂಗ್ ಹುಡುಗಿಯ ಮುಂದೆ ಸಪಾಟು ಮಾಡಿದ ಹಾಗೆ ಅವಳ ಮುಂದೆಯೂ ಮುಖ ಸಪಾಟು ಮಾಡಿಕೊಂಡಿದ್ದೆ, ಅವಳಿಗೆ ಏನೂ ಗೊತ್ತಿಲ್ಲ ಎಂದುಕೊಂಡಿದ್ದೆ. ಪುಟ್ಟಿ, ನನ್ನನ್ನು ಕೊರೆಯುವುದು ಒಂದೇ. ಅವಳು ನೀರು ಬಿಟ್ಟದ್ದು ಮನೆಯಲ್ಲೇ ಇರುವುದಕ್ಕೋ, ಇಲ್ಲಾ ಆ ಸದ್ದು ಕೇಳಿ ಕೇಳಿ ನನ್ನ ಕೈಗೆ ಬರುವುದೇ ಅವಳಿಗೆ ಸಾಕಾಗಿತ್ತೋ? ಆ ತಿಂಗಳು ಭಾನುವಾರಗಳಲ್ಲಿ ಅವಳು ನನ್ನನ್ನು ಹೊರಗೆ ಕಳಿಸಿ ನಿನ್ನ ಹತ್ತಿರ ಫೋನಿನಲ್ಲಿ ಬಹಳ ಹೊತ್ತು ಮಾತಾಡುತ್ತಿದ್ದಳು. ಏನು ಹೇಳಿದಳು? ನಕ್ಕು ಹೇಳಿದಳೇ, ಬೇಸತ್ತು ಹೇಳಿದಳೇ? ನನಗೆ ನೋವಾಗುತ್ತದೆ ಎಂದು ತಿದ್ದಬೇಡ, ಅವಳು ಹೇಳಿದ ಹಾಗೇ ಬರಿ. ಏನೂ ಹೇಳಿರದಿದ್ದರೆ ಹಾಗೆಂದೇ ಬರಿ. ಬೇಗ ಬರಿಯಮ್ಮ.